ವೈಫೈ ಡಾಂಗಲ್ ಸತ್ತಿದೆ, ಬೋರ್ಡ್ ಬಿಚ್ಚಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಮಲೆನಾಡ್_ಮಳೆ:
ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಡೆಸ್ಕ್‌ಟಾಪ್‌ನ ಯುಎಸ್‌ಬಿ ವೈಫೈ ಡಾಂಗಲ್ ಕೆಲಸ ನಿಲ್ಲಿಸಿದೆ. ಹೆಬ್ಬೆರಳಿನಷ್ಟು ಉದ್ದದ್ದು, 150 ಎಂಬಿಪಿಎಸ್, ಹೊರಗೆ ಆಂಟೆನಾ ಇಲ್ಲ. ಸದಾ ಕ್ಯಾಬಿನೆಟ್‌ನ ಮುಂದಿನ ಪೋರ್ಟ್‌ನಲ್ಲೇ ಇರುತ್ತಿತ್ತು. ಕಸ ಗುಡಿಸುವಾಗ, ಕುರ್ಚಿ ಎಳೆಯುವಾಗ ತಾಗಿ ತಾಗಿ ಸ್ವಲ್ಪ ಸೊಟ್ಟ ಆಗಿತ್ತು. ಆದರೂ ಓಡುತ್ತಿತ್ತು. ಈಗ ಲೈಟೇ ಹತ್ತುವುದಿಲ್ಲ. ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೂ ಅದೇ ಕಥೆ. ವಿಂಡೋಸ್‌ನಲ್ಲಿ "ಟಿಣ್" ಅನ್ನುವ ಸದ್ದೂ ಇಲ್ಲ, ಲಿನಕ್ಸ್ ಮಿಂಟ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (ಸಿಕ್ಕಿಸಿದ ಯುಎಸ್‌ಬಿ ಸಾಮಾನುಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ಅದರ ಸಾಲೇ ಬರುವುದಿಲ್ಲ.

ಹಳೇ ಎಟಿಎಂ ಕಾರ್ಡ್ ತೂರಿಸಿ ಕವರ್ ಬಿಚ್ಚಿದೆ. ಒಳಗೆ ಬೆರಳಗಲದ ಬೋರ್ಡ್. ನಡುವೆ ಒಂದು ಚೌಕ ಚಿಪ್, ರಿಯಲ್‌ಟೆಕ್ ಕಂಪನಿಯ ಏಡಿ ಗುರುತು, ಆರ್‌ಟಿಎಲ್ 8188ಇಯುಎಸ್ ಅಂತ ಬರೆದಿದೆ. ಪಕ್ಕದಲ್ಲಿ 40.000 ಅಂತ ಕೊರೆದ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ. ಪ್ಲಗ್ ಹತ್ತಿರ ಐದು ಕಾಲಿನ ಒಂದು ಚಿಕ್ಕ ಐಸಿ, ಸುತ್ತ ಸಾಸಿವೆ ಕಾಳಿಗಿಂತ ಸಣ್ಣ ಪಾರ್ಟ್‌ಗಳು. ಇನ್ನೊಂದು ತುದಿಯಲ್ಲಿ ಅಂಕುಡೊಂಕಾಗಿ ಹೋಗುವ ತಾಮ್ರದ ಗೆರೆ. ಎಲ್ಲೂ ಸುಟ್ಟ ಕಲೆ ಕಾಣುತ್ತಿಲ್ಲ. ನನ್ನ ಹತ್ತಿರ ಸಾದಾ ಡಿಜಿಟಲ್ ಮಲ್ಟಿಮೀಟರ್, 25 ವ್ಯಾಟ್ ಸೋಲ್ಡರಿಂಗ್ ಐರನ್, ಭೂತಗನ್ನಡಿ ಇವೆ. ಹೊಸದು ತಗೊಳ್ಳೋದು ಕಷ್ಟ ಅಲ್ಲ ಅಂತ ಗೊತ್ತು. ಕಲಿಯೋಣ ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಪೆಂಗ್ವಿನ್_ಪುಟ್ಟ:
ಬೋರ್ಡ್ ಬಿಚ್ಚೋ ಮುಂಚೆ ಡ್ರೈವರ್ (ಡಾಂಗಲ್ ನಡೆಸೋ ಸಾಫ್ಟ್‌ವೇರ್) ನೋಡಬೇಕಿತ್ತು ಗುರು. 8188ಇಯುಎಸ್ ಲಿನಕ್ಸ್‌ನಲ್ಲಿ ಮೊದಲಿಂದಲೂ ತಲೆನೋವು. ಕರ್ನಲ್ ಅಪ್‌ಡೇಟ್ ಆದ ಮೇಲೆ ಕೈಕೊಟ್ಟಿರಬಹುದು.

ಬೆಸುಗೆ_ಬಸಣ್ಣ:
ಪುಟ್ಟ, ಇಲ್ಲಿ ಡ್ರೈವರ್ ಮಾತೇ ಬರುವುದಿಲ್ಲ. ಎಲ್‌ಎಸ್‌ಯುಎಸ್‌ಬಿ ಸಾಲು ಬರೋದಕ್ಕೆ ಡ್ರೈವರ್ ಬೇಕಾಗಿಲ್ಲ. ಡಾಂಗಲ್‌ನ ಚಿಪ್ ಎಚ್ಚರ ಆದ ಕೂಡಲೇ ಡಿ ಪ್ಲಸ್ ಅನ್ನೋ ಡೇಟಾ ತಂತಿಯನ್ನು 1.5 ಕಿಲೋಓಮ್ ರೆಸಿಸ್ಟರ್ ಮೂಲಕ 3.3 ವೋಲ್ಟ್ ಕಡೆಗೆ ಎತ್ತುತ್ತದೆ. ಕಂಪ್ಯೂಟರ್ ಕಡೆ ಎರಡೂ ಡೇಟಾ ತಂತಿಗಳು 15 ಕಿಲೋಓಮ್ ಮೂಲಕ ಗ್ರೌಂಡ್‌ಗೆ ಇಳಿದಿರುತ್ತವೆ. ಆ ತಂತಿ ಮೇಲೆದ್ದದ್ದು ಕಂಡಾಗಲೇ ಕಂಪ್ಯೂಟರ್‌ಗೆ "ಯಾರೋ ಬಂದ್ರು" ಅಂತ ಗೊತ್ತಾಗೋದು. ಆಮೇಲೆ ನೀನು ಯಾರು ಅಂತ ಕೇಳಿ ಐಡಿ ಓದುತ್ತದೆ. ಡ್ರೈವರ್ ಹುಡುಕೋದು ಅದೂ ಆದ ಮೇಲೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಸದ್ದೇ ಇಲ್ಲ ಅಂದರೆ ಚಿಪ್ ಎದ್ದೇ ಇಲ್ಲ, ಇಲ್ಲವೇ ಅದರ ಮಾತು ಪ್ಲಗ್‌ವರೆಗೆ ಬರುತ್ತಿಲ್ಲ.

ಮಳೆ ಅವರೇ, ಮೊದಲ ಮಾತು: ಅದನ್ನು ಮತ್ತೆ ಕಂಪ್ಯೂಟರ್‌ಗೆ ಚುಚ್ಚಬೇಡಿ. ಒಳಗೆ ಶಾರ್ಟ್ ಇದ್ದರೆ ಡಾಂಗಲ್ ಉಳಿಸಲು ಹೋಗಿ ಮದರ್‌ಬೋರ್ಡ್ ಪೋರ್ಟ್ ಕಳಕೊಳ್ಳುತ್ತೀರಿ. ಪವರ್ ಕೊಟ್ಟು ನೋಡೋಕೆ ಹಳೇ ಮೊಬೈಲ್ ಚಾರ್ಜರ್ ಸಾಕು.

ಮೊದಲು ಕರೆಂಟ್ ಇಲ್ಲದೆ ಅಳೆಯಿರಿ. ಪ್ಲಗ್‌ನಲ್ಲಿ ನಾಲ್ಕು ಪಟ್ಟಿ ಇವೆ. ಅಂಚಿನ ಎರಡು ಉದ್ದ, ಅವು 5 ವೋಲ್ಟ್ ಮತ್ತು ಗ್ರೌಂಡ್. ನಡುವಿನ ಎರಡು ಚೂರು ಗಿಡ್ಡ, ಅವು ಡೇಟಾ. 5 ವೋಲ್ಟ್ ಪಟ್ಟಿಗೂ ಗ್ರೌಂಡ್‌ಗೂ ನಡುವೆ ಎಷ್ಟು ಓಮ್ ಬರುತ್ತೆ ನೋಡಿ. ಅಲ್ಲಿಂದ ಗೆರೆ ಹಿಡಿದು ಹೋಗಿ. ಸಾಮಾನ್ಯವಾಗಿ 5 ವೋಲ್ಟ್ ದಾರಿಯಲ್ಲಿ ಒಂದು ಫೆರೈಟ್ ಬೀಡ್ (ಗದ್ದಲ ತಡೆಯೋ ಪಾರ್ಟ್) ಇರುತ್ತೆ, ಬೂದು ಅಥವಾ ಕಪ್ಪು ಬಣ್ಣದ ಪುಟ್ಟ ಇಟ್ಟಿಗೆ, ಮೈಮೇಲೆ ನಂಬರ್ ಇರಲ್ಲ. ಮೀಟರನ್ನು ಬೀಪ್ ಮೋಡ್‌ಗೆ (ದಾರಿ ಕಡಿಯದೆ ಇದ್ದರೆ ಸದ್ದು ಮಾಡೋದು) ಹಾಕಿ ಅದರ ಎರಡು ತುದಿ ಮುಟ್ಟಿದರೆ ಬೀಪ್ ಆಗಬೇಕು. ಬೀಪ್ ಇಲ್ಲದಿದ್ದರೆ ಅದೇ ಫ್ಯೂಸ್ ತರಹ ಹೋಗಿದೆ ಅಂತ ಅರ್ಥ, ಇದು ಬಹಳ ಕಾಮನ್. ಅದಾದ ಮೇಲೆ ಆ ಐದು ಕಾಲಿನ ಐಸಿ. ಅದು ರೆಗ್ಯುಲೇಟರ್, 5 ವೋಲ್ಟನ್ನು 3.3 ಮಾಡೋದು. ಅದರ ಔಟ್‌ಪುಟ್‌ಗೂ ಗ್ರೌಂಡ್‌ಗೂ ನಡುವೆಯೂ ಓಮ್ ನೋಡಿ ಬರೆಯಿರಿ.

ಹೊಸದ್_ತಗೋ:
ಒಂದು ಹಳೇ ಡಾಂಗಲ್‌ಗೆ ಇಷ್ಟು ಹೊತ್ತು ಕಳೀತೀರಲ್ಲ ಮಾರಾಯ್ರೆ. ಆರ್ಡರ್ ಹಾಕಿದ್ರೆ ನಾಳೆ ಮನೆಗೆ ಬರುತ್ತೆ.

ತಾಮ್ರತಂತಿ:
ಹೆಸರಿಗೆ ತಕ್ಕ ಮಾತು :) ಅವರು ಮೊದಲೇ ಹೇಳಿದ್ದಾರಲ್ಲ, ಕಲಿಯೋಕೆ ಅಂತ. ಲ್ಯಾಪ್‌ಟಾಪ್ ಬೋರ್ಡ್ ಮೇಲೆ ಕಲಿಯೋದಕ್ಕಿಂತ ಇದು ವಾಸಿ.

ಮಳೆ ಸರ್, ಚಿಪ್ ನಂಬರ್ ಬರೆದದ್ದು ಒಳ್ಳೇದಾಯ್ತು. ಕವರ್ ಮೇಲಿನ ಮಾಡೆಲ್ ಹೆಸರು ನಂಬೋ ಹಾಗಿಲ್ಲ. ಒಂದೇ ಹೆಸರಿನಲ್ಲಿ ಒಳಗಿನ ಸರಕು ಬದಲಾಗುತ್ತೆ. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ತಗೊಳ್ಳಿ, ಮೊದಲ ವರ್ಷನ್‌ನಲ್ಲಿ ಆಥೆರಾಸ್ ಎಆರ್9271 ಇತ್ತು, ಎರಡನೇ ವರ್ಷನ್‌ನಿಂದ ನಿಮ್ಮದೇ 8188ಇಯುಎಸ್ ಬಂತು. ಹೊರಗಿಂದ ನೋಡಿದರೆ ಎರಡೂ ಒಂದೇ. ಇನ್ನೊಂದು ಉಪಾಯ ಇದೆ. ಲೇಬಲ್ ಮೇಲೆ ಎಫ್‌ಸಿಸಿ (ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ) ಐಡಿ ಇದ್ದರೆ ಅದನ್ನು ಹುಡುಕಿ. ಅಮೆರಿಕದಲ್ಲಿ ಮಾರೋ ವೈಫೈ ಸಾಮಾನಿಗೆಲ್ಲ ಪರೀಕ್ಷೆ ಆಗಿರಬೇಕು, ಆಗ ಕೊಟ್ಟ ಒಳಗಿನ ಬೋರ್ಡ್ ಫೋಟೋಗಳು ಸಾಮಾನ್ಯವಾಗಿ ಎಲ್ಲರಿಗೂ ನೋಡಲು ಸಿಗುತ್ತವೆ. ನಿಮ್ಮ ಬೋರ್ಡ್‌ನಿಂದ ಯಾವುದಾದರೂ ಪಾರ್ಟ್ ಉದುರಿ ಹೋಗಿದೆಯಾ ಅಂತ ಹೋಲಿಸಿ ನೋಡಬಹುದು. ಖಾಲಿ ಪ್ಯಾಡ್ ಕಂಡ ಕೂಡಲೇ ಗಾಬರಿ ಬೇಡ, ಫ್ಯಾಕ್ಟರಿಯಲ್ಲೇ ಬಿಟ್ಟ ಜಾಗಗಳೂ ಇರುತ್ತವೆ. ಅಂಥ ಪ್ಯಾಡ್ ಮೇಲೆ ಸೋಲ್ಡರ್ ನುಣ್ಣಗೆ ಗುಮ್ಮಟದ ಹಾಗೆ ಇರುತ್ತೆ. ಕಿತ್ತು ಹೋದದ್ದಾದರೆ ಒರಟಾಗಿ, ಅರ್ಧ ಹರಿದ ಹಾಗೆ ಕಾಣುತ್ತೆ.

ಮಲೆನಾಡ್_ಮಳೆ:
ನಮ್ಮ ಲೇಬಲ್ ಮೇಲೆ ಎಫ್‌ಸಿಸಿ ಅಂತ ಗುರುತು ಮಾತ್ರ ಇದೆ, ಐಡಿ ಇಲ್ಲ. ಅಳತೆ ಹೀಗಿದೆ:

ಪ್ಲಗ್‌ನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಸುಮಾರು 9 ಕಿಲೋಓಮ್, ನಿಧಾನ ಏರುತ್ತೆ. ಬೀಡ್ ಬೀಪ್ ಆಗುತ್ತೆ. ರೆಗ್ಯುಲೇಟರ್ ಔಟ್‌ಪುಟ್ ಕಾಲಿಗೂ ಗ್ರೌಂಡ್‌ಗೂ ನಡುವೆ 2 ಓಮ್! ಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ 0.3 ತೋರಿಸುತ್ತೆ, ಅದನ್ನು ಕಳೆದ ಮೇಲಿನ ಲೆಕ್ಕ ಇದು.

ಚಾರ್ಜರ್‌ಗೆ ಹಾಕಿದಾಗ ರೆಗ್ಯುಲೇಟರ್ ಒಳಗೆ 5.1 ವೋಲ್ಟ್ ಬರುತ್ತಿದೆ, ಹೊರಗೆ 1 ವೋಲ್ಟ್ ಆಸುಪಾಸು, ಒಂದು ಕಡೆ ನಿಲ್ಲೋದಿಲ್ಲ. ಐಸಿ ಮುಟ್ಟಿದರೆ ಬೆರಳು ಚುರುಕ್ ಅನ್ನುತ್ತೆ. ರೆಗ್ಯುಲೇಟರ್ ಹೋಗಿದೆ ಅಲ್ವಾ? ಬದಲಾಯಿಸಲಾ?

ಹುಬ್ಳಿ_ಹಾಟ್‌ಏರ್:
ರೆಗ್ಯುಲೇಟರ್ ಹೋಗಿಲ್ರೀ, ಪಾಪ ಅದು ಒದ್ದಾಡಾಕತ್ತೈತಿ. 2 ಓಮ್ ಅಂದ್ರ ಅದರ ಮುಂದ ಯಾರೋ ಕರೆಂಟ್ ಕುಡಿಯಾಕತ್ತಾರ. ಇಂಥಾ ಸಣ್ಣ ರೆಗ್ಯುಲೇಟರ್ ಅರ್ಧ ಆಂಪಿಯರ್ ಹತ್ರ ಬಂದ್ರ ತನ್ನ ಕೈ ತಾನೇ ಹಿಡೀತೈತಿ. 2 ಓಮ್‌ಗೆ ಅರ್ಧ ಆಂಪಿಯರ್, ಲೆಕ್ಕ ಹಾಕ್ರಿ, 1 ವೋಲ್ಟ್. ನಿಮ್ಮ ಮೀಟರ್ ಸರಿಯಾಗೇ ಹೇಳೈತಿ. ಉಳಿದ 4 ವೋಲ್ಟ್ ಎಲ್ಲಾ ಆ ಐಸಿ ಮೈಯಾಗ ಶಾಖ ಆಗ್ತದ, ಹತ್ತತ್ರ 2 ವ್ಯಾಟ್. ಅದಕ್ಕ ಬೆರಳು ಸುಡ್ತದ. ಶಾಖ ಜಾಸ್ತಿ ಆದಾಗ ಆಫ್ ಆಗಿ, ಆರಿದ ಮ್ಯಾಲೆ ಮತ್ತ ಆನ್ ಆಗ್ತೈತಿ. ಅದಕ್ಕ ವೋಲ್ಟೇಜ್ ನಿಲ್ಲೂದಿಲ್ಲ.

ಬೆಸುಗೆ_ಬಸಣ್ಣ:
ಹಾಟ್‌ಏರ್ ಹೇಳಿದ್ದು ಸರಿ. 3.3 ವೋಲ್ಟ್ ಲೈನ್ ಶಾರ್ಟ್. ಆರೋಪಿಗಳು ಇಬ್ಬರೇ: ಆ ಲೈನ್ ಮೇಲಿರುವ ಯಾವುದೋ ಒಂದು ಸೆರಾಮಿಕ್ ಕೆಪಾಸಿಟರ್, ಇಲ್ಲವೇ ವೈಫೈ ಚಿಪ್ ತಾನೇ. ಚಿಪ್ ಆದರೆ ಕಥೆ ಮುಗೀತು, ಅದರ ಹೊಟ್ಟೆ ಕೆಳಗೆ ದೊಡ್ಡ ಗ್ರೌಂಡ್ ಪ್ಯಾಡ್ ಇದೆ, ಹಾಟ್ ಏರ್ (ಬಿಸಿಗಾಳಿ ಊದೋ ಯಂತ್ರ) ಇಲ್ಲದೆ ತೆಗೆಯೋಕಾಗಲ್ಲ, ಹೊಸ ಚಿಪ್ ಹಾಕೋದಕ್ಕಿಂತ ಹೊಸ ಡಾಂಗಲ್ ಅಗ್ಗ. ಆದರೆ ನಿಮ್ಮ ಡಾಂಗಲ್ ಬಾಗಿತ್ತು ಅಂದಿರಿ. ನನಗೆ ಕೆಪಾಸಿಟರ್ ಮೇಲೇ ಅನುಮಾನ.

ಸೆರಾಮಿಕ್ ಕೆಪಾಸಿಟರ್ ಒಳಗೆ ಪದರ ಪದರವಾಗಿ ಲೋಹದ ಹಾಳೆ, ನಡುವೆ ಸೆರಾಮಿಕ್. ಬೋರ್ಡ್ ಬಗ್ಗುತ್ತೆ, ಸೆರಾಮಿಕ್ ಬಗ್ಗಲ್ಲ. ತುದಿಯ ಸೋಲ್ಡರ್ ಹತ್ತಿರ ಓರೆಯಾಗಿ ಒಂದು ಬಿರುಕು ಬೀಳುತ್ತೆ. ಆ ಹೊತ್ತಿಗೆ ಏನೂ ಆಗಲ್ಲ. ಕೆಲವು ದಿನ, ಕೆಲವು ತಿಂಗಳು ಓಡುತ್ತೆ. ಬಿರುಕಿನೊಳಗೆ ತೇವ ಸೇರಿ ಪದರದಿಂದ ಪದರಕ್ಕೆ ಕರೆಂಟ್ ಜಾರೋಕೆ ಶುರುವಾಗುತ್ತೆ, ಒಂದಿನ ಪೂರ್ತಿ ಶಾರ್ಟ್. ನಿಮ್ಮ ಊರಿನ ಮಳೆಗಾಲದಲ್ಲಿ ತೇವಕ್ಕೇನು ಬರ. ಪ್ಲಗ್‌ಗೆ ಹತ್ತಿರ ಇರೋ ಕೆಪಾಸಿಟರ್‌ಗಳಿಗೇ ಬಗ್ಗಿದ ಪೆಟ್ಟು ಜಾಸ್ತಿ ಬಿದ್ದಿರುತ್ತೆ.

ಯಾವುದು ಅಂತ ಮೀಟರ್‌ನಿಂದ ಗೊತ್ತಾಗಲ್ಲ, ಎಲ್ಲವೂ ಒಂದೇ ಲೈನ್ ಮೇಲೆ ಇರೋದರಿಂದ ಎಲ್ಲದರ ಮೇಲೂ 2 ಓಮ್ ತೋರಿಸುತ್ತೆ. ಮೊಬೈಲ್ ರಿಪೇರಿಯವರು ಡಿಸಿ ಪವರ್ ಸಪ್ಲೈನಲ್ಲಿ 1 ವೋಲ್ಟ್ ಇಟ್ಟು ಶಾರ್ಟ್ ಲೈನ್‌ಗೇ ಕರೆಂಟ್ ಕೊಡ್ತಾರೆ, ಹಾಳಾದ ಪಾರ್ಟ್ ಬಿಸಿಯಾಗುತ್ತೆ. ನಿಮ್ಮ ಹತ್ತಿರ ಸಪ್ಲೈ ಇಲ್ಲ ಅಂದರೆ ಒಂದು ರೀಚಾರ್ಜಬಲ್ ಎಎ ಸೆಲ್ ಸಾಕು. ನಿಕಲ್ ಮೆಟಲ್ ಹೈಡ್ರೈಡ್ ಸೆಲ್, 1.2 ವೋಲ್ಟ್. 3.3ಕ್ಕಿಂತ ಕಡಿಮೆ ಇರೋದರಿಂದ ಚಿಪ್‌ಗೆ ಅಪಾಯ ಇಲ್ಲ. ಡಾಂಗಲ್ ಚಾರ್ಜರ್‌ನಿಂದ ತೆಗೆದಿರಲಿ. ಪ್ಲಸ್ಸನ್ನು ರೆಗ್ಯುಲೇಟರ್ ಔಟ್‌ಪುಟ್‌ಗೆ, ಮೈನಸ್ಸನ್ನು ಗ್ರೌಂಡ್‌ಗೆ. ಉಲ್ಟಾ ಮಾಡಬೇಡಿ. ಕೊಡೋ ಮುಂಚೆ ಬೋರ್ಡ್ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿ. ಯಾವ ಪಾರ್ಟ್ ಮೇಲೆ ಮೊದಲು ಒಣಗುತ್ತೋ ಅದೇ ಕಳ್ಳ. ಆಲ್ಕೋಹಾಲ್ ಇರುವಾಗ ಸೋಲ್ಡರಿಂಗ್ ಐರನ್ ಆಫ್ ಇರಲಿ, ಬೆಂಕಿ ಹತ್ತುತ್ತೆ.

ಪೆಂಗ್ವಿನ್_ಪುಟ್ಟ:
ಇಷ್ಟೆಲ್ಲ ಯಾಕೆ, ಐದಾರು ಕೆಪಾಸಿಟರ್ ಅಷ್ಟೇ ತಾನೆ? ಒಂದೊಂದೇ ತೆಗೀತಾ ಹೋದರೆ ಆಯ್ತು.

ಹುಬ್ಳಿ_ಹಾಟ್‌ಏರ್:
ನೀ 25 ವ್ಯಾಟ್ ಐರನ್‌ನಾಗ ಅಕ್ಕಿ ನುಚ್ಚಿನಷ್ಟು ಪಾರ್ಟ್ ತಗದು ಮತ್ತ ಕೂಡಿಸಿ ತೋರ್ಸಪ್ಪಾ ಮೊದಲ. ಎರಡ್ ಸಲ ಬಿಸಿ ಆತಂದ್ರ ಪ್ಯಾಡ್ ಎದ್ದ ಬರ್ತದ. ಮುಟ್ಟೂದ ಬ್ಯಾಡಾಗಿದ್ದನ್ನ ಮುಟ್ಟಬಾರದು.

ಕರಾವಳಿ_ಕಿಟ್ಟಿ:
ಚರ್ಚೆ ಮಧ್ಯೆ ಬಾಯಿ ಹಾಕ್ತಿದ್ದೇನೆ, ಬೈಬೇಡಿ. ನಂದು ಬೇರೆ ಡಾಂಗಲ್. ಲೈಟ್ ಹತ್ತುತ್ತೆ. ಲಿನಕ್ಸ್‌ನಲ್ಲಿ ಡಿಎಂಇಎಸ್‌ಜಿ (ಸಿಸ್ಟಂ ಬರೆದಿಡೋ ಸಂದೇಶಗಳ ಪಟ್ಟಿ) ನೋಡಿದರೆ "ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71" ಅಂತ ಮತ್ತೆ ಮತ್ತೆ ಬಂದು, ಕೊನೆಗೆ "ಅನ್‌ಏಬಲ್ ಟು ಎನ್ಯುಮರೇಟ್", ಅಂದರೆ ಗುರುತಿಸೋಕೆ ಆಗಲಿಲ್ಲ ಅನ್ನುತ್ತೆ. ಪ್ಲಗ್ ಹತ್ತಿರ ಬೆರಳಲ್ಲಿ ಒತ್ತಿ ಹಿಡಿದರೆ ಒಮ್ಮೊಮ್ಮೆ ಕೆಲಸ ಮಾಡುತ್ತೆ. ಇದೂ ಕೆಪಾಸಿಟರಾ?

ಬೆಸುಗೆ_ಬಸಣ್ಣ:
ಅಲ್ಲ ಕಿಟ್ಟಿ. ನಿಮ್ಮದಕ್ಕೂ ಅವರದ್ದಕ್ಕೂ ಇರೋ ವ್ಯತ್ಯಾಸ ನೋಡಿ. ಅವರ ಕಂಪ್ಯೂಟರ್‌ಗೆ ಯಾರೂ ಬಂದದ್ದೇ ಗೊತ್ತಿಲ್ಲ. ನಿಮ್ಮದಕ್ಕೆ ಬಂದದ್ದು ಗೊತ್ತಾಗಿದೆ, ಮಾತು ಅರ್ಥ ಆಗ್ತಿಲ್ಲ. -71 ಅಂದರೆ ಪ್ರೋಟೋಕಾಲ್ ಎರರ್. ಅಂದರೆ ಪವರ್ ಬಂದಿದೆ, ಚಿಪ್ ಎದ್ದಿದೆ, ಡಿ ಪ್ಲಸ್ ಕೂಡ ಮೇಲೆದ್ದಿದೆ, ಆದರೆ ಡೇಟಾ ಜೋಡಿಯಲ್ಲಿ ಎಲ್ಲೋ ಸಂಪರ್ಕ ಅರೆಬರೆ. ಒತ್ತಿದರೆ ಸರಿ ಹೋಗುತ್ತೆ ಅಂದ ಮೇಲೆ ಪ್ಲಗ್ ಕಾಲಿನ ಸೋಲ್ಡರ್ ಬಿರುಕು ಬಿಟ್ಟಿದೆ ಅನ್ನೋದು ಹೆಚ್ಚುಕಡಿಮೆ ಖಾತ್ರಿ. ಭೂತಗನ್ನಡಿಯಲ್ಲಿ ನೋಡಿ, ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತೆ. ಡ್ರೈ ಸೋಲ್ಡರ್. ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯೋಕೆ ಹಚ್ಚೋದು) ಹಚ್ಚಿ, ನಾಲ್ಕೂ ಕಾಲಿಗೆ ಚೂರು ಹೊಸ ಸೋಲ್ಡರ್ ಕೊಟ್ಟು ಕರಗಿಸಿ. ಪ್ಲಗ್‌ನ ಲೋಹದ ಕವಚಕ್ಕೂ ಎರಡು ಕಿವಿ ಇರುತ್ತೆ, ಅವನ್ನೂ ಬಿಡಬೇಡಿ. ಬಗ್ಗುವ ಪೆಟ್ಟು ತಿನ್ನೋದು ಅವೇ.

ಆಮೇಲೆ ಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ, ಡಾಂಗಲ್ ಎಲ್ಲಿಗೂ ಚುಚ್ಚದೆ, ಕೆಂಪು ಕಡ್ಡಿ ಗ್ರೌಂಡ್‌ಗೆ, ಕಪ್ಪು ಕಡ್ಡಿ ಮೊದಲು ಡಿ ಪ್ಲಸ್‌ಗೆ ಆಮೇಲೆ ಡಿ ಮೈನಸ್‌ಗೆ. ಸಂಖ್ಯೆ ಎಷ್ಟಾದರೂ ಇರಲಿ, ಎರಡೂ ಹತ್ತಿರ ಹತ್ತಿರ ಇರಬೇಕು. ಒಂದು 0.6, ಇನ್ನೊಂದು ಖಾಲಿ ಅಂದರೆ ಆ ಗೆರೆ ಕಡಿದಿದೆ. ಸೊನ್ನೆ ಅಂದರೆ ಅಲ್ಲಿರುವ ಇಎಸ್‌ಡಿ ಡಯೋಡ್ (ಸ್ಟ್ಯಾಟಿಕ್ ಕರೆಂಟಿನ ಪೆಟ್ಟು ತಡೆಯೋದು) ಅಥವಾ ಚಿಪ್ ಶಾರ್ಟ್.

ಮಲೆನಾಡ್_ಮಳೆ:
ಸಿಕ್ತು!

ಐಸೋಪ್ರೊಪೈಲ್ ಮೆಡಿಕಲ್ ಶಾಪ್‌ನಲ್ಲಿ ಸಿಗಲಿಲ್ಲ, ಇಲ್ಲಿನ ಮೊಬೈಲ್ ರಿಪೇರಿ ಅಂಗಡಿಯ ಅಣ್ಣ ಒಂದು ಸಣ್ಣ ಬಾಟಲಿಗೆ ಹಾಕಿ ಕೊಟ್ಟರು. ರಿಮೋಟ್ ಕಾರಿನ ಸೆಲ್ ತೆಗೆದು, ಎರಡು ತಂತಿ ಹಿಡಿದು ಮುಟ್ಟಿಸಿದೆ. ಮಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿದ. ಬೋರ್ಡ್ ಎಲ್ಲ ಒದ್ದೆ ಹೊಳೀತಾ ಇರುವಾಗ ರೆಗ್ಯುಲೇಟರ್ ಔಟ್‌ಪುಟ್ ಪಕ್ಕದ ಕಂದು ಬಣ್ಣದ ಕೆಪಾಸಿಟರ್ ಮಾತ್ರ ಒಣಗಿ ಮಂಕಾಯಿತು. ಅಲ್ಲಿಂದ ಒಣಗಿದ ವೃತ್ತ ದೊಡ್ಡದಾಗ್ತಾ ಹೋಯ್ತು. ಚಿಪ್ ಮೇಲಿನದು ಕೊನೆವರೆಗೂ ಒದ್ದೆಯಾಗೇ ಇತ್ತು. ಭೂತಗನ್ನಡಿಯಲ್ಲಿ ನೋಡಿದರೆ ಆ ಕೆಪಾಸಿಟರ್‌ನ ಪ್ಲಗ್ ಕಡೆಯ ತುದಿಯಲ್ಲಿ, ಬೆಳ್ಳಿ ಭಾಗ ಮುಗಿಯುವ ಜಾಗದಲ್ಲಿ, ಓರೆ ಗೆರೆ ಇದೆ. ಬೆಳಕು ಅಡ್ಡಡ್ಡ ಬಿದ್ದರೆ ಮಾತ್ರ ಕಾಣುತ್ತೆ.

ಎರಡು ತುದಿಗೂ ಸೋಲ್ಡರ್ ಜಾಸ್ತಿ ಹಾಕಿ, ಐರನ್ ಅಡ್ಡ ಮಲಗಿಸಿ ಒಟ್ಟಿಗೆ ಕರಗಿಸಿ ಸರಿಸಿಬಿಟ್ಟೆ. ಈಗ 3.3 ಲೈನ್ 4 ಕಿಲೋಓಮ್ ಮೇಲೆ ಇದೆ. ಆ ಕೆಪಾಸಿಟರ್ ಇಲ್ಲದೆ ಹಾಗೇ ಹಾಕಿ ನೋಡಬಹುದಾ?

ತಾಮ್ರತಂತಿ:
ಅದ್ಭುತ! ಆದರೆ ತಡೀರಿ, ಹಾಕಬೇಡಿ. ಚಿಪ್ ಸುತ್ತ ಇರೋ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಆಗಿದ್ದರೆ ಒಂದು ಇಲ್ಲದಿದ್ದರೂ ಪರೀಕ್ಷೆಗೆ ನಡೆಯುತ್ತಿತ್ತು. ಇದು ರೆಗ್ಯುಲೇಟರ್‌ನ ಔಟ್‌ಪುಟ್ ಕೆಪಾಸಿಟರ್. ಇಂಥ ರೆಗ್ಯುಲೇಟರ್ ಸ್ಥಿರವಾಗಿ ನಿಲ್ಲೋದೇ ಅದರಿಂದ. ಅದಿಲ್ಲದಿದ್ದರೆ ಔಟ್‌ಪುಟ್ ನಡುಗೋಕೆ ಶುರು ಮಾಡುತ್ತೆ, ಮೀಟರ್‌ನಲ್ಲಿ 3.3 ಅಂತಲೇ ಕಾಣುತ್ತೆ, ಚಿಪ್ ಮಾತ್ರ ಏನೇನೋ ಆಡುತ್ತೆ.

ಬೆಲೆ ಪೈಸೆ ಲೆಕ್ಕ, ಸಿಗೋದು ಕಷ್ಟ. ಬೆಂಗಳೂರಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡ್‌ಗೆ ಹೋಗಿ ಅಂತಿದ್ದೆ. ನೀವು ಯಾವುದಾದರೂ ಸತ್ತ ಬೋರ್ಡ್‌ನಿಂದ ತೆಗೆಯಿರಿ, ಹಳೇ ಸೆಟ್‌ಟಾಪ್ ಬಾಕ್ಸ್, ರೌಟರ್, ಯಾವುದಾದರೂ. ಸೆರಾಮಿಕ್ ಕೆಪಾಸಿಟರ್ ಮೇಲೆ ಬೆಲೆ ಬರೆದಿರಲ್ಲ, ತೆಗೆದ ಮೇಲೆ ಮೀಟರ್‌ನ ಕೆಪಾಸಿಟನ್ಸ್ ಮೋಡ್‌ನಲ್ಲಿ ಅಳೆಯಬೇಕು. ಬೋರ್ಡ್ ಮೇಲಿದ್ದಾಗ ಅಳೆದರೆ ಸುಳ್ಳು ಹೇಳುತ್ತೆ. 4.7ರಿಂದ 10 ಮೈಕ್ರೋಫ್ಯಾರಡ್ ನಡುವೆ ಇರಲಿ, 6.3 ವೋಲ್ಟ್ ಅಥವಾ ಮೇಲೆ. ದಾನಿ ಬೋರ್ಡ್‌ನಲ್ಲೂ 3.3 ಅಥವಾ 5 ವೋಲ್ಟ್ ಲೈನ್ ಮೇಲಿದ್ದದ್ದನ್ನೇ ಆರಿಸಿ, 1.2 ವೋಲ್ಟ್ ಲೈನ್‌ನದು ಬೇಡ. ಗಾತ್ರ ಸ್ವಲ್ಪ ದೊಡ್ಡದಾದರೂ ಪರವಾಗಿಲ್ಲ, ಓರೆ ನಿಲ್ಲಿಸಿ ಕೂರಿಸಬಹುದು.

ಐದು ಕಾಲಿನ ಐಸಿ ಪಕ್ಕ ಕಪ್ಪು ಚೌಕದ ಇಂಡಕ್ಟರ್ (ತಂತಿ ಸುರುಳಿಯ ಪಾರ್ಟ್) ಇದೆಯಾ? ಇದ್ದರೆ ಅದು ಸಾದಾ ರೆಗ್ಯುಲೇಟರ್ ಅಲ್ಲ, ಬಕ್ ಕನ್ವರ್ಟರ್ (ಆನ್-ಆಫ್ ಮಾಡುತ್ತಾ ವೋಲ್ಟೇಜ್ ಇಳಿಸೋದು), ಕಾಲುಗಳ ಕ್ರಮವೂ ಬೇರೆ.

ಮಲೆನಾಡ್_ಮಳೆ:
ಇಂಡಕ್ಟರ್ ಇಲ್ಲ. ಸತ್ತ ರೌಟರ್ ಒಂದು ಅಟ್ಟದ ಮೇಲೆ ಇತ್ತು. ಅದರ ಬೋರ್ಡ್‌ನಿಂದ ತೆಗೆದದ್ದು 9.4 ಮೈಕ್ರೋಫ್ಯಾರಡ್ ತೋರಿಸಿತು, ಅದನ್ನೇ ಹಾಕಿದೆ. ಚಾರ್ಜರ್‌ನಲ್ಲಿ 3.31 ವೋಲ್ಟ್, ಗಟ್ಟಿಯಾಗಿ ನಿಂತಿದೆ. ರೆಗ್ಯುಲೇಟರ್ ಬರೀ ಬೆಚ್ಚಗಿದೆ. ಕಂಪ್ಯೂಟರ್‌ಗೆ ಹಾಕಿದೆ, ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:8179 ಅಂತ ಡಾಂಗಲ್‌ನ ಐಡಿ ಇರುವ ಸಾಲು ಬಂತು. ನೀಲಿ ಲೈಟೂ ಹತ್ತಿತು!

ಆದರೆ ಈಗ ಇನ್ನೊಂದು ತಾಪತ್ರಯ. ಸಿಗ್ನಲ್ ತುಂಬಾ ವೀಕ್. ಮೊದಲು ಇದೇ ಕೋಣೆಯಲ್ಲಿ ತುಂಬಿದ ಕಡ್ಡಿ ಇರುತ್ತಿತ್ತು, ಈಗ -79 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟು ಸಿಗ್ನಲ್ ಗಟ್ಟಿ), ಬಂದು ಬಂದು ಹೋಗುತ್ತೆ. ಆಂಟೆನಾ ಗೆರೆ ಮೇಲೆ ಮೀಟರ್ ಇಟ್ಟು ನೋಡಿದೆ, ಗ್ರೌಂಡ್‌ಗೆ ಬೀಪ್ ಆಗ್ತಿದೆ! ಆಂಟೆನಾ ಶಾರ್ಟ್ ಆಗಿದೆ. ಚಿಪ್ ಕಾಲಿನಿಂದ ಆಂಟೆನಾಗೆ ನೋಡಿದರೆ ಅಲ್ಲಿ ಬೀಪ್ ಇಲ್ಲ. ಎರಡೂ ಉಲ್ಟಾ ಇರಬೇಕಿತ್ತಲ್ಲ?

ಅಲೆಗಾರ್ತಿ:
ಮಳೆ ಅವರೇ, ಐರನ್ ಕೆಳಗಿಡಿ :) ಎರಡೂ ಸರಿಯಾಗೇ ಇದೆ.

ಬೋರ್ಡ್ ಮೇಲೆ ಬರೆದ ಆಂಟೆನಾಗಳಲ್ಲಿ ತುಂಬಾ ಕಾಣೋದು ಇನ್ವರ್ಟೆಡ್-ಎಫ್, ಅಂದರೆ ಮಗುಚಿದ ಇಂಗ್ಲಿಷ್ ಎಫ್ ಅಕ್ಷರದ ಆಕಾರದ್ದು. ಗೆರೆ ಶುರುವಾಗುವ ಕಡೆ ನೋಡಿ. ಎರಡು ಕಾಲು ಇರುತ್ತವೆ. ಒಂದು ನೇರ ಗ್ರೌಂಡ್ ತಾಮ್ರಕ್ಕೆ ಇಳಿಯುತ್ತೆ, ಇನ್ನೊಂದು ಪುಟ್ಟ ಪಾರ್ಟ್‌ಗಳ ಮೂಲಕ ಚಿಪ್ ಕಡೆಗೆ ಹೋಗುತ್ತೆ. ಆ ಗ್ರೌಂಡ್ ಕಾಲನ್ನು ಬೇಕಂತಲೇ ಇಟ್ಟಿರ್ತಾರೆ, ಆಂಟೆನಾದ ಇಂಪೀಡೆನ್ಸನ್ನು (ಸಿಗ್ನಲ್‌ಗೆ ಒಡ್ಡೋ ತಡೆ) 50 ಓಮ್‌ಗೆ ಹೊಂದಿಸೋದು ಅದೇ. ನಿಮ್ಮ ಮೀಟರ್ ನೋಡೋದು ಡಿಸಿ. ವೈಫೈ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅದರ ಕಾಲು ಭಾಗ 3 ಸೆಂಟಿಮೀಟರ್. ಡಿಸಿಗೆ ಶಾರ್ಟ್ ಆಗಿ ಕಾಣೋ ಕೆಲವೇ ಮಿಲಿಮೀಟರ್ ತಾಮ್ರ ಆ ವೇಗದಲ್ಲಿ ಇಂಡಕ್ಟರ್ ಆಗಿ ವರ್ತಿಸುತ್ತೆ. ಇನ್ನು ಚಿಪ್‌ನಿಂದ ಆಂಟೆನಾಗೆ ಬೀಪ್ ಇಲ್ಲದಿರೋದು ಯಾಕೆ ಅಂದರೆ ದಾರಿಯಲ್ಲಿ ಸೀರೀಸ್ ಕೆಪಾಸಿಟರ್ ಇರುತ್ತೆ. ಅದು ಡಿಸಿ ತಡೆಯುತ್ತೆ, ಸಿಗ್ನಲ್ ಬಿಡುತ್ತೆ.

ಎಲ್ಲ ಆಂಟೆನಾಗೂ ಇದು ಹೊಂದಲ್ಲ. ಒಂದೇ ಕಾಲಿನ, ಸುಮ್ನೆ ಹಾವಿನಂತೆ ಹೋಗಿ ಮುಗಿಯುವ ಗೆರೆಗಳೂ ಇವೆ. ಅದು ಗ್ರೌಂಡ್‌ಗೆ ಬೀಪ್ ಆದರೆ ಎಲ್ಲಾದರೂ ಸೋಲ್ಡರ್ ಹನಿ ಕೂತಿದೆಯಾ ನೋಡಬೇಕು. ಆಗಲೂ ದಾರಿಯಲ್ಲಿ ಗ್ರೌಂಡ್‌ಗೆ ಇಳಿಯುವ ಇಂಡಕ್ಟರ್ ಇದ್ದರೆ ಬೀಪ್ ಸಹಜ. ಹಾಗಾಗಿ ಬೀಪ್ ಕೇಳೋ ಮುಂಚೆ ಕಣ್ಣಲ್ಲಿ ನೋಡಿ. ಆಂಟೆನಾ ಮೇಲೆ ಹೊಸ ಸೋಲ್ಡರ್ ಹಾಕಬೇಡಿ, ಗಟ್ಟಿ ಆಗಲಿ ಅಂತ ಹಾಟ್ ಗ್ಲೂ ಕೂಡ ಸುರಿಯಬೇಡಿ, ಟ್ಯೂನಿಂಗ್ ಸರಿಯುತ್ತೆ.

ಒಂದು ಪ್ರಶ್ನೆ. ಈಗ ಯಾವ ಪೋರ್ಟ್‌ಗೆ ಹಾಕಿದ್ದೀರಿ? ಮೊದಲಿನ ಮುಂದಿನ ಪೋರ್ಟೇನಾ?

ಸಂತೆ_ಸರಕು:
ನನ್ನದೂ ಆಂಟೆನಾ ಕಥೆಯೇ. ಉದ್ದ ಆಂಟೆನಾ ಇರುವ ಡಾಂಗಲ್ ತಗೊಂಡಿದ್ದೆ. ಆಂಟೆನಾ ತಿರುಗಿಸಿದರೂ, ಮಡಿಸಿದರೂ ಸಿಗ್ನಲ್ ಅಷ್ಟೇ. ಬಿಚ್ಚಿ ನೋಡಿದರೆ ಕೋಡಿನಂಥ ಪ್ಲಾಸ್ಟಿಕ್ ಒಳಗೆ ತಂತಿಯೇ ಇಲ್ಲ! ಬೋರ್ಡ್ ಮೇಲಿನ ತಾಮ್ರದ ಗೆರೆಯೇ ಆಂಟೆನಾ. ಹೊರಗಿನದು ಬರೀ ಅಲಂಕಾರ.

ಅಲೆಗಾರ್ತಿ:
ಅಗ್ಗದ ಡಾಂಗಲ್‌ಗಳಲ್ಲಿ ಇದು ಹೊಸದಲ್ಲ. ತಂತಿ ಇದ್ದವುಗಳಲ್ಲೂ ಇನ್ನೊಂದು ಅವಸ್ಥೆ ನೋಡಿದ್ದೇನೆ. ಸಣ್ಣ ಕೋಆಕ್ಸ್ ವೈರಿನ ನಡುವಿನ ಎಳೆ ಸೋಲ್ಡರ್ ಹತ್ತಿರವೇ ಕಡಿದಿರುತ್ತೆ, ಇಲ್ಲ ಹೊರಗಿನ ಜಾಲರಿಯ ಒಂದು ಎಳೆ ಬಂದು ನಡುವಿನದಕ್ಕೆ ಮುಟ್ಟಿರುತ್ತೆ. ಹೀಗಾದಾಗ ರೌಟರ್ ಪಕ್ಕ ಕೂತರೆ ಸಿಗ್ನಲ್ ಸಿಗುತ್ತೆ, ಬಾಗಿಲು ದಾಟಿದರೆ ಮಾಯ. ನಿಮ್ಮ ಬೋರ್ಡ್‌ನಲ್ಲಿ ವೈರಿಗೆ ಅಂತ ಪ್ಯಾಡ್ ಇದ್ದರೂ ಸುಮ್ನೆ ವೈರ್ ಬೆಸೆಯಬೇಡಿ. ಗೆರೆಯ ಆಂಟೆನಾಗೆ ಹೋಗುವ ದಾರಿಯನ್ನು ಕಡಿಯಬೇಕು. ಎಷ್ಟೋ ಬೋರ್ಡ್‌ಗಳಲ್ಲಿ ಅಲ್ಲಿರುವ ಒಂದು ಪುಟ್ಟ ಪಾರ್ಟನ್ನು ಪಕ್ಕದ ಪ್ಯಾಡ್‌ಗೆ ತಿರುಗಿಸಿ ಕೂರಿಸಿದರೆ ಸಾಕು.

ಮೈಸೂರ್_ಮೋಡೆಮ್:
ನನಗೂ ಒಂದು ಡೌಟ್. ನನ್ನ ಹೊಸ ಡಾಂಗಲ್ ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಅಂತ ಬರುತ್ತೆ, ವೈಫೈ ಮಾತ್ರ ಇಲ್ಲ. ಬಿಚ್ಚಿ ನೋಡಲಾ?

ಪೆಂಗ್ವಿನ್_ಪುಟ್ಟ:
ಇದು ನನ್ನ ಏರಿಯಾ! ಬಿಚ್ಚಬೇಡಿ ಸರ್, ಬೋರ್ಡ್ ಚೆನ್ನಾಗಿದೆ. ಆ ಐಡಿ ಅಂದರೆ ಡಾಂಗಲ್ ಸಿಡಿ ಡ್ರೈವ್ ವೇಷ ಹಾಕಿ ಕೂತಿದೆ. ವಿಂಡೋಸ್‌ನವರಿಗೆ ಅದರೊಳಗೇ ಡ್ರೈವರ್ ಇಟ್ಟಿರ್ತಾರೆ. ಆ ಸಿಡಿಯನ್ನು ಇಜೆಕ್ಟ್ ಮಾಡಿ, ಇಲ್ಲವೇ ಯುಎಸ್‌ಬಿ ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜ್ ಹಾಕಿ. ಆಮೇಲೆ ಅದೇ ಡಾಂಗಲ್ ಬೇರೆ ಐಡಿಯಲ್ಲಿ ಬರುತ್ತೆ, ಉದಾಹರಣೆಗೆ ಚಿಪ್ 8811ಸಿಯು ಆಗಿದ್ದರೆ 0ಬಿಡಿಎ:ಸಿ811. ಆಗ ಡ್ರೈವರ್ ವಿಚಾರ ಮಾತಾಡೋಣ.

ಮಲೆನಾಡ್_ಮಳೆ:
ಅಲೆಗಾರ್ತಿ ಮೇಡಂ, ಮುಂದಿನ ಪೋರ್ಟ್ ಸಡಿಲ ಆಗಿದೆ ಅಂತ ಈಗ ಹಿಂದಿನ ನೀಲಿ ಪೋರ್ಟ್‌ಗೆ ಹಾಕಿದ್ದೇನೆ. ಪಕ್ಕದಲ್ಲೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ.

ಅಲೆಗಾರ್ತಿ:
ಅಂದುಕೊಂಡೆ. ನೀಲಿ ಅಂದರೆ ಯುಎಸ್‌ಬಿ 3. ಹಾರ್ಡ್ ಡಿಸ್ಕ್ ಓಡುವಾಗ ಅದರ 5 ಗಿಗಾಬಿಟ್ ಡೇಟಾದಿಂದ ಹುಟ್ಟೋ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬಂದು ಬೀಳುತ್ತೆ. ಇದು ಬರೀ ಊಹೆ ಅಲ್ಲ, 2012ರಲ್ಲಿ ಇಂಟೆಲ್‌ನವರೇ ಅಳತೆ ಮಾಡಿ ವರದಿ ಬರೆದಿದ್ದಾರೆ. ಜೊತೆಗೆ ಕ್ಯಾಬಿನೆಟ್ ಹಿಂದೆ ಪೂರ್ತಿ ತಗಡು, ಅದರ ಹಿಂದೆ ಗೋಡೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಕಪ್ಪು ಬಣ್ಣದ ಯುಎಸ್‌ಬಿ 2 ಪೋರ್ಟ್‌ನಿಂದ ಡಾಂಗಲನ್ನು ಮೇಜಿನ ಮೇಲೆ ತನ್ನಿ. ಹಾರ್ಡ್ ಡಿಸ್ಕ್ ಕಿತ್ತು ಒಮ್ಮೆ, ಹಾಕಿ ಒಮ್ಮೆ ಸಿಗ್ನಲ್ ನೋಡಿ.

ಅದಾದ ಮೇಲೂ ವೀಕ್ ಇದ್ದರೆ ಆಗ ಕ್ರಿಸ್ಟಲ್ ಮೇಲೆ ಅನುಮಾನ ಪಡೋಣ. ಆ 40.000 ಡಬ್ಬಿ, ಚಿಪ್‌ಗೆ ತಾಳ ಹಾಕೋದು ಅದೇ. ಪೆಟ್ಟು ಬಿದ್ದ ಬೋರ್ಡ್‌ನಲ್ಲಿ ಅದರೊಳಗಿನ ಸ್ಫಟಿಕದ ಹಾಳೆ ಬಿರುಕು ಬಿಡೋದುಂಟು. ಪೂರ್ತಿ ಸತ್ತರೆ ಡಾಂಗಲ್ ಕಾಣಿಸೋದೇ ಇಲ್ಲ. ಚೂರು ಆಚೀಚೆ ಸರಿದರೆ ನೆಟ್‌ವರ್ಕ್ ಹೆಸರು ಕಂಡೂ ಕನೆಕ್ಟ್ ಆಗಲ್ಲ. ವೈಫೈಗೆ ಹತ್ತು ಲಕ್ಷಕ್ಕೆ 20 ಭಾಗಕ್ಕಿಂತ ಜಾಸ್ತಿ ತಪ್ಪೋ ಹಾಗಿಲ್ಲ.

ತಾಮ್ರತಂತಿ:
ಮೇಡಂ, ಕ್ರಿಸ್ಟಲ್ ಓಡ್ತಿದೆಯಾ ಅಂತ ಆಸಿಲೋಸ್ಕೋಪ್ ಇಲ್ಲದೆ ನೋಡೋಕೆ ದಾರಿ ಇದೆಯಾ? ಮೀಟರ್ ಕಡ್ಡಿ ಇಟ್ಟರೆ ಕೆಲವು ಸಲ ಅದೇ ಭಾರಕ್ಕೆ ನಿಂತುಬಿಡುತ್ತೆ.

ಅಲೆಗಾರ್ತಿ:
ಟಿವಿ ನೋಡೋಕೆ ಅಂತ ಬಂದ ಆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ರೇಡಿಯೋ ಅಲೆಗಳನ್ನು ಕಂಪ್ಯೂಟರ್‌ನಲ್ಲಿ ತೋರಿಸೋದು) ಇದ್ದರೆ ಅದರ ಆಂಟೆನಾ ಹತ್ತಿರ ಹಿಡಿದು 40 ಮೆಗಾಹರ್ಟ್ಸ್‌ನಲ್ಲಿ ನೋಡಿ. ವೈಫೈ ಡಾಂಗಲ್‌ಗೆ ಪವರ್ ಕೊಟ್ಟಾಗ ಬರುವ, ಕಿತ್ತಾಗ ಹೋಗುವ ಒಂದು ಚೂಪು ಗೆರೆ ಕಂಡರೆ ಕ್ರಿಸ್ಟಲ್ ಜೀವಂತ. ಮುಟ್ಟೋದೇ ಬೇಡ. ಬದಲಾಯಿಸುವುದಾದರೆ ಇನ್ನೊಂದು ಗಮನಿಸಿ, ನಾಲ್ಕು ಕಾಲಿನ ಡಬ್ಬಿಯಲ್ಲಿ ಕ್ರಿಸ್ಟಲ್‌ಗೆ ಸೇರಿದ್ದು ಮೂಲೆಯಿಂದ ಮೂಲೆಗಿರುವ ಎರಡು ಕಾಲು ಮಾತ್ರ, ಉಳಿದೆರಡು ಗ್ರೌಂಡ್. 90 ಡಿಗ್ರಿ ತಿರುಗಿಸಿ ಕೂರಿಸಿದರೆ ಕೆಲಸ ಮಾಡಲ್ಲ.

ಕರಾವಳಿ_ಕಿಟ್ಟಿ:
ಬಸಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ನಡುವಿನ ಎರಡನೇ ಕಾಲಿನ ಸುತ್ತ ನೀವು ಹೇಳಿದ ಗೆರೆಯೇ ಇತ್ತು. ಜೊತೆಗೆ ಹಸಿರು ಹಿಡಿದಿತ್ತು, ಸಮುದ್ರದ ಗಾಳಿ. ಟೂತ್‌ಬ್ರಷ್‌ನಲ್ಲಿ ಉಜ್ಜಿ, ಮರು ಸೋಲ್ಡರ್ ಮಾಡಿದೆ. -71 ಹೋಯ್ತು. ಡಯೋಡ್ ಮೋಡ್‌ನಲ್ಲಿ ಎರಡೂ 0.58.

ಮಲೆನಾಡ್_ಮಳೆ:
ಎಕ್ಸ್‌ಟೆನ್ಷನ್ ಹಾಕಿ ಮೇಜಿನ ಮೇಲೆ ತಂದೆ. -54. ಹಾರ್ಡ್ ಡಿಸ್ಕ್‌ಗೆ ದೊಡ್ಡ ಫೈಲ್ ಕಾಪಿ ಮಾಡ್ತಾ ಡಾಂಗಲನ್ನು ಅದರ ಪಕ್ಕ ಹಿಡಿದರೆ ವೇಗ ಬಿದ್ದುಹೋಗುತ್ತೆ, ದೂರ ಸರಿಸಿದರೆ ಮತ್ತೆ ಬರುತ್ತೆ. ಮಗನಿಗೆ ಇದೇ ಒಂದು ಆಟ ಆಗಿದೆ. ಎಲ್ಲರಿಗೂ ಥ್ಯಾಂಕ್ಸ್.

ಒಂದೇ ಪ್ರಶ್ನೆ ಬಾಕಿ. ಕವರ್ ಬಿಚ್ಚುವಾಗ ಒಂದು ಕೊಂಡಿ ಮುರೀತು. ಗಮ್ ಟೇಪ್ ಸುತ್ತಲಾ?

ಹುಬ್ಳಿ_ಹಾಟ್‌ಏರ್:
ಟೇಪ್ ಬ್ಯಾಡ್ರಿ, ಬೆಚ್ಚಗಾದ್ರ ಅಂಟು ಒಸರ್ತದ. ಹೀಟ್ ಶ್ರಿಂಕ್ ಟ್ಯೂಬ್ ಹಾಕ್ರಿ, ಹೇರ್ ಡ್ರೈಯರ್ ಸಾಲಲಿಲ್ಲಂದ್ರ ಲೈಟರ್ ದೂರದಿಂದ ಹಿಡೀರಿ. ಮತ್ತ ಆ ಪ್ಲಗ್ ಕಿವಿ ಎರಡೂ ಸೋಲ್ಡರ್ ಮಾಡೀರೋ ಇಲ್ಲೋ?

ಮಲೆನಾಡ್_ಮಳೆ:
ಇಲ್ಲ, ಒಂದು ಅಲ್ಲಾಡ್ತಿದೆ. ಟ್ಯೂಬ್ ಹಾಕೋ ಮುಂಚೆ ಅದನ್ನು ಮಾಡಿಬಿಡ್ತೀನಿ.